ಖಂಡಕ್ಕೊಂದು ಪ್ಯಾರಾ ಬರೆದ್ರೆ ಸಾಲಲ್ಲ

ನಮಸ್ಕಾರ. ಆಫ್ರಿಕಾದ ಜನರನ್ನ ಹಡಗಲ್ಲಿ ಅಮೆರಿಕ ಖಂಡಗಳಿಗೆ ಸಾಗಿಸಿ ಮಾರ್ತಿದ್ದ ಅಟ್ಲಾಂಟಿಕ್ ಗುಲಾಮರ ವ್ಯಾಪಾರದಿಂದ ಯಾವ್ಯಾವ ಖಂಡಕ್ಕೆ ಏನೇನಾಯ್ತು ಅಂತ ನೀವು ಬರೆದು ಕಳಿಸಿದ ಲೇಖನ ಪೂರ್ತಿ ಓದಿದೆ. ನೇರವಾಗೇ ಹೇಳ್ತೀನಿ, ಈಗಿರೋ ಹಾಗೆ ಹಾಕೋಕಾಗಲ್ಲ. ಆದ್ರೆ ವಿಷಯ ಬಿಡಬೇಡಿ, ಕನ್ನಡದಲ್ಲಿ ಇದರ ಬಗ್ಗೆ ಬರೆಯೋರು ಕಮ್ಮಿ, ನೀವು ಸಾಕಷ್ಟು ಓದ್ಕೊಂಡಿದ್ದೀರ ಅನ್ನೋದೂ ಕಾಣ್ತಿದೆ.

ತೊಂದರೆ ಇರೋದು ಕಟ್ಟಿರೋ ರೀತೀಲಿ. ಆಫ್ರಿಕಾಕ್ಕೆ ನಷ್ಟ, ಯುರೋಪಿಗೆ ಲಾಭ, ಅಮೆರಿಕಕ್ಕೆ ದುಡಿಯೋ ಕೈ ಅಂತ ಖಂಡಕ್ಕೊಂದು ಪ್ಯಾರಾ ಕೊಟ್ಟು ಮುಗಿಸಿದ್ದೀರ, ಓದ್ತಿದ್ರೆ ಪರೀಕ್ಷೆಯ ಹತ್ತು ಮಾರ್ಕಿನ ಉತ್ತರ ಓದಿದ ಹಾಗಾಗುತ್ತೆ. ಇವು ಬೇರೆ ಬೇರೆ ಪರಿಣಾಮಗಳಲ್ಲ, ಇಲ್ಲಿ ಹಾಗಾಗಿದ್ದಕ್ಕೇ ಅಲ್ಲಿ ಹೀಗಾಯ್ತು.

ನೀವು ಒಂದೇ ಸಾಲಲ್ಲಿ ದಾಟಿ ಹೋಗಿರೋ ಕೆರಿಬಿಯನ್ ದೇಶ ಹೈಟಿಯನ್ನೇ ತಗೊಳ್ಳಿ. ಫ್ರೆಂಚರ ಕೈಲಿದ್ದಾಗ ಅದರ ಸಕ್ಕರೆ, ಕಾಫಿಯಿಂದ ಫ್ರಾನ್ಸಿನ ನಾಂಟ್, ಬೋರ್ಡೊ ಥರದ ಬಂದರು ಪಟ್ಟಣಗಳು ಶ್ರೀಮಂತ ಆದ್ವು, ತೋಟದಲ್ಲಿ ಜನ ಎಷ್ಟು ಬೇಗ ಸಾಯ್ತಿದ್ರು ಅಂದ್ರೆ ಆಫ್ರಿಕಾದಿಂದ ಹೊಸಬರನ್ನ ತರ್ತಾನೇ ಇರಬೇಕಿತ್ತು. 1791ರಲ್ಲಿ ಅದೇ ಗುಲಾಮರು ದಂಗೆ ಎದ್ರು, 1804ರಲ್ಲಿ ಸ್ವತಂತ್ರ ದೇಶ ಕಟ್ಟಿದ್ರು. 1825ರಲ್ಲಿ ಫ್ರಾನ್ಸಿನ ರಾಜ ಹತ್ತನೇ ಚಾರ್ಲ್ಸ್ ಯುದ್ಧದ ಹಡಗು ಕಳಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿದ, ಆಸ್ತಿ ಕಳ್ಕೊಂಡ ಮಾಲೀಕರಿಗೆ ಅಂತ, ಆ ಆಸ್ತೀಲಿ ಈ ಮನುಷ್ಯರೂ ಸೇರಿದ್ರು! ಮೊದಲ ಕಂತು ಕಟ್ಟೋಕೇ ಹೈಟಿ ಫ್ರಾನ್ಸಿನ ಬ್ಯಾಂಕಿನವರ ಹತ್ರ ಸಾಲ ಮಾಡಬೇಕಾಯ್ತು, 1838ರಲ್ಲಿ ಪರಿಹಾರವನ್ನ 9 ಕೋಟಿಗೆ ಇಳಿಸಿದ್ರು, ಆದ್ರೂ ಈ ಸಾಲದ ಬಾಲ ಕಳಚಿದ್ದು 1947ರಲ್ಲಿ. ಬ್ರಿಟನ್ ಕೂಡ 1833ರಲ್ಲಿ ಗುಲಾಮಗಿರಿ ನಿಲ್ಲಿಸೋ ಕಾಯ್ದೆ ಮಾಡಿ 2 ಕೋಟಿ ಪೌಂಡ್ ಕೊಟ್ಟಿದ್ದು ಮಾಲೀಕರಿಗೇ, ದುಡಿದೋರಿಗೆ ಒಂದು ಪೈಸೆ ಇಲ್ಲ. ನನಗೆ ಇದನ್ನ ಯಾವಾಗ ಓದಿದ್ರೂ ಸಿಟ್ಟು ಬರುತ್ತೆ, ನಿಮ್ಮ ಓದುಗರಿಗೂ ಬರಬೇಕು. ಮೂರು ಖಂಡಗಳು ಈ ಒಂದೇ ಕತೆಯಲ್ಲಿವೆ ನೋಡಿ.

ಗುಲಾಮರಲ್ಲಿ ಬಹುಪಾಲು ಜನ ಯುನೈಟೆಡ್ ಸ್ಟೇಟ್ಸ್‌ಗೆ ಹೋದ್ರು ಅಂತ ಬರೆದಿದ್ದೀರ, ಅದು ತಪ್ಪು. ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನ, ಜೀವಂತ ಇಳಿದಿದ್ದು 1 ಕೋಟಿ 7 ಲಕ್ಷದಷ್ಟು, ಅದರಲ್ಲಿ ಬ್ರೆಜಿಲ್ ಒಂದಕ್ಕೇ ಸುಮಾರು 48 ಲಕ್ಷ, ಈಗಿನ ಯುಎಸ್‌ಗೆ ನೇರವಾಗಿ ಬಂದೋರು 4 ಲಕ್ಷದ ಒಳಗೆ.

"ಆಫ್ರಿಕನ್ನರೇ ತಮ್ಮವರನ್ನ ಮಾರಿದ್ರು" ಅನ್ನೋ ಸಾಲೂ ಹಾಗೇ ಬಿಡೋಕಾಗಲ್ಲ. ಮಾರಿದ ರಾಜರಿದ್ರು, ಪಶ್ಚಿಮ ಆಫ್ರಿಕಾದ ದಹೋಮಿ ರಾಜ್ಯ ಅದರಿಂದಲೇ ಬಲಿತಿದ್ದು ನಿಜ, ಮುಚ್ಚಿಡೋದು ಬೇಡ. ಆದ್ರೆ ಆಗ ಅವರಿಗೆಲ್ಲ "ನಾವು ಆಫ್ರಿಕನ್ನರು" ಅನ್ನೋ ಭಾವನೆ ಎಲ್ಲಿತ್ತು? ಕಾಂಗೋದ ರಾಜ ಅಫೊನ್ಸೊ 1526ರಲ್ಲೇ ಪೋರ್ಚುಗಲ್ ರಾಜನಿಗೆ ಪತ್ರ ಬರೆದು, ವ್ಯಾಪಾರಿಗಳು ನಮ್ಮ ಜನರನ್ನ, ನಮ್ಮ ಬಂಧುಗಳನ್ನೂ ಹಿಡ್ಕೊಂಡು ಹೋಗ್ತಿದ್ದಾರೆ, ನಾಡೇ ಖಾಲಿಯಾಗ್ತಿದೆ ಅಂತ ದೂರಿದ್ದ. ಹಾಗಂತ ಅವನ ರಾಜ್ಯದಲ್ಲೂ ಗುಲಾಮಗಿರಿ ಇತ್ತು. ಎರಡನ್ನೂ ಬರೀರಿ. ಒಟ್ಟಾರೆ ನಿಮ್ಮ ಲೇಖನದಲ್ಲಿ ಹಿಡಿದೋರು ಯಾರು, ಕೊಂಡೋರು ಯಾರು ಅನ್ನೋದೇ ಇಲ್ಲ, ಎಲ್ಲಾ ತಂತಾನೇ ನಡೆದು ಹೋದಂಗಿದೆ, ಇದು ನನಗೆ ತುಂಬಾ ಚುಚ್ಚಿತು.

ಇನ್ನು ಏಷ್ಯಾ ಅಂತ ಯಲ್ಲಾಪುರ, ಹಳಿಯಾಳದ ಕಡೆ ಇರೋ ಆಫ್ರಿಕಾ ಮೂಲದ ಸಿದ್ದಿ ಜನರನ್ನ ತಂದಿದ್ದೀರ. ಅವರ ಪೂರ್ವಜರು ಬಂದಿದ್ದು ಹಿಂದೂ ಮಹಾಸಾಗರದ ದಾರೀಲಿ, ಎಷ್ಟೋ ಜನ ಪೋರ್ಚುಗೀಸರ ಗೋವಾ ಮೂಲಕ, ಅದು ಬೇರೇನೇ ಇತಿಹಾಸ, ಅದಕ್ಕೆ ಅದರದ್ದೇ ಲೇಖನ ಬೇಕು. ಅಟ್ಲಾಂಟಿಕ್ ವ್ಯಾಪಾರಕ್ಕೂ ನಮ್ಮ ಕಡೆಗೂ ಇರೋ ನಿಜವಾದ ನಂಟು ನೀವು ಬಿಟ್ಟಿರೋ ಬಟ್ಟೇಲಿದೆ. ಗುಜರಾತ್, ಕೋರಮಂಡಲದ ಹತ್ತಿ ಬಟ್ಟೆ, ಮಾಲ್ಡೀವ್ಸ್‌ನ ಕವಡೆ, ಇವನ್ನ ಕೊಟ್ಟೇ ಪಶ್ಚಿಮ ಆಫ್ರಿಕಾದಲ್ಲಿ ಎಷ್ಟೋ ಜನರನ್ನ ಕೊಂಡಿದ್ದು.

ಹೈಟಿ ಒಂದನ್ನೇ ಇಟ್ಕೊಂಡು ಮತ್ತೆ ಬರೀರಿ, "ಮಾನವೀಯತೆ ಮೆರೆಯಲಿ" ಅನ್ನೋ ಕೊನೇ ಪ್ಯಾರಾ ತೆಗೀರಿ. ಮುಗಿದ ಮೇಲೆ ನೇರ ನನಗೇ ಕಳಿಸಿ, ಉದ್ದ ಆದ್ರೂ ಪರವಾಗಿಲ್ಲ.