ಗಂಡನಿಗೆ ಹೇಳದೆ ಮಗನನ್ನು ಮೈಸೂರಿಗೆ ಕರೆದುಕೊಂಡು ಹೋಗಲೇ?

ಪ್ರಶ್ನೆ: ನಮ್ಮದು ಆಲೂರು ತಾಲ್ಲೂಕಿನ ಹಳ್ಳಿ, ಸ್ವಲ್ಪ ಕಾಫಿ ತೋಟ ಇದೆ. ನಾನು ಮೊದಲು ಹಾಸನದಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ, ಈಗ ಬಿಟ್ಟಿದ್ದೇನೆ. ಮಗನಿಗೆ ಮೂರು ವರ್ಷ ತುಂಬಿದೆ. ಒಂದೂವರೆ ವರ್ಷಕ್ಕೆ ‘ಅಮ್ಮ’, ‘ಕಾಕ’ ಅನ್ನುತ್ತಿದ್ದವನು ಆಮೇಲೆ ನಿಲ್ಲಿಸಿಬಿಟ್ಟ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಕುಕ್ಕರ್ ಕೂಗಿದರೆ ಮಾತ್ರ ಕಿವಿ ಮುಚ್ಚಿಕೊಂಡು ಅಳುತ್ತಾನೆ. ಕಣದಲ್ಲಿ ಒಣಹಾಕಿದ ಕಾಫಿ ಬೀಜ ಸಾಲಾಗಿ ಜೋಡಿಸುತ್ತಾ ಕೂತರೆ ಏಳುವುದೇ ಇಲ್ಲ. ಅಂಗನವಾಡಿಗೆ ಬಂದ ಡಾಕ್ಟರ್ ನೋಡಿ ಹಾಸನದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿಂದ ಆಟಿಸಂ ಪರೀಕ್ಷೆಗೆ ಮೈಸೂರಿಗೆ ಬರೆದುಕೊಟ್ಟರು. ನಮ್ಮ ಯಜಮಾನರು ಆ ಚೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ‘ನಾನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು. ಒಂದು ಸಲ ಹೆಸರು ಬಿದ್ದರೆ ಯಾವ ಸ್ಕೂಲಲ್ಲೂ ಸೇರಿಸಿಕೊಳ್ಳಲ್ಲ, ತಂಗಿ ಮದುವೆಗೂ ಅಡ್ಡಿ’ ಅನ್ನುತ್ತಾರೆ. ‘ನೀನು ಮಗೂನ ಬಿಟ್ಟು ಕೆಲಸಕ್ಕೆ ಹೋಗಿದ್ದಕ್ಕೇ ಹೀಗಾಯ್ತು, ಮೊಬೈಲ್ ಕೊಟ್ಟು ಕೆಡಿಸಿದೆ’ ಅನ್ನುವುದು ಅತ್ತೆಯ ಮಾತು. ದಿನಾ ಬಜೆ ತೇಯ್ದು ಅವನ ನಾಲಿಗೆಗೆ ಹಚ್ಚುತ್ತಾರೆ. ನನ್ನ ತವರು ಕೆ.ಆರ್. ನಗರ. ತವರಿಗೆ ಹೋಗುತ್ತೇನೆ ಎಂದು ಹೇಳಿ ಮಗನನ್ನು ಮೈಸೂರಿಗೆ ಕರೆದುಕೊಂಡು ಹೋಗಲೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಹೋಗಿ ತಾಯೀ, ಹೇಳಿಯೇ ಹೋಗಿ.

ಹೋಗಲೇಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ನಿಮ್ಮ ಯಜಮಾನರು ನಾಲ್ಕು ವರ್ಷಕ್ಕೆ ಮಾತಾಡಿರಬಹುದು. ಆದರೆ ಮಾತು ತಡವಾಗಿ ಬರುವುದು ಬೇರೆ, ಬಂದ ಮಾತು ನಿಂತುಹೋಗುವುದು ಬೇರೆ. ಆಡುತ್ತಿದ್ದ ಮಾತನ್ನು ಮಗು ಬಿಟ್ಟಿದೆ ಎಂದರೆ ಯಾವ ಮಕ್ಕಳ ಡಾಕ್ಟರೂ ‘ಇನ್ನೊಂದು ವರ್ಷ ನೋಡೋಣ’ ಅನ್ನಬಾರದು. ನಿಮ್ಮ ಹಾಸನದ ಡಾಕ್ಟರ್ ಸರಿಯಾಗಿಯೇ ಮಾಡಿದ್ದಾರೆ.

ಕದ್ದು ಹೋಗುವುದು ಬೇಡ ಅನ್ನುವುದಕ್ಕೆ ಕಾರಣ ಇದೆ. ಇದು ಒಂದು ಓಡಾಟದಲ್ಲಿ ಮುಗಿಯುವ ಕೆಲಸವಲ್ಲ. ಪರೀಕ್ಷೆಗೇ ಎರಡು ಮೂರು ಸಲ ಕರೆಯಬಹುದು. ಆಮೇಲೆ ಸ್ಪೀಚ್ ಥೆರಪಿ, ಅಲ್ಲಿ ಹೇಳಿಕೊಟ್ಟಿದ್ದನ್ನು ಮನೆಯಲ್ಲಿ ದಿನಾ ಮಾಡಿಸುವುದು. ಎಷ್ಟು ಸಲ ಅಂತ ತವರಿನ ನೆಪ ಹೇಳುತ್ತೀರಿ? ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಅಂದಿನಿಂದ ಮನೆಯಲ್ಲಿ ನಿಮ್ಮ ಸುಳ್ಳಿನದೇ ಮಾತು, ಮಗುವಿನ ವಿಷಯ ಮೂಲೆಗೆ. ನನಗೆ ಹೆಚ್ಚು ಭಯವಾಗುವುದು ಅದಕ್ಕೇ.

ಅವರಿಗೆ ಹೇಗೆ ಹೇಳಬೇಕು? ಅತ್ತೆಯ ಎದುರು ಬೇಡ. ನೀವಿಬ್ಬರೇ ಇರುವಾಗ ‘ಮೊದಲು ಕಿವಿ ತೋರಿಸೋಣ’ ಎಂದು ಶುರುಮಾಡಿ. ಇದು ನೆಪವಲ್ಲ, ಅಲ್ಲಿ ಮೊದಲು ನೋಡುವುದೇ ಕಿವಿ. ಕುಕ್ಕರ್ ಸದ್ದಿಗೆ ಅಳುತ್ತಾನೆ ಎಂದ ಮಾತ್ರಕ್ಕೆ ಕಿವಿ ಸರಿಯಿದೆ ಎಂದಾಗುವುದಿಲ್ಲ. ದೊಡ್ಡ ಸದ್ದು ಕೇಳಿಸಿ ಮಾತಿನ ಸದ್ದು ಮಂಕಾಗಿ ಕೇಳಿಸುವ ಮಕ್ಕಳೂ ಇರುತ್ತಾರೆ. ಆಮೇಲೆ ಬೇರೆ ಪರೀಕ್ಷೆಯೂ ಇರುತ್ತದೆ ಅನ್ನುವುದನ್ನೂ ಮುಚ್ಚಿಡಬೇಡಿ. ಅವರಿಗೊಂದು ಕೆಲಸ ಕೊಡಿ: ಮಗು ಕಣದಲ್ಲಿ ಆಡುವುದು, ಊಟ ಮಾಡುವುದು, ಕರೆದಾಗ ಏನು ಮಾಡುತ್ತಾನೆ ಅನ್ನುವುದು, ಇವನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಲಿ. ಪರೀಕ್ಷೆ ಮಾಡುವವರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಮಗನನ್ನು ಸುಮ್ಮನೆ ಕೂತು ನೋಡಿದ ಅಪ್ಪನ ಮನಸ್ಸು ಎಷ್ಟೋ ಸಲ ತಾನಾಗಿಯೇ ಬದಲಾಗುತ್ತದೆ.

ಇಷ್ಟಾದರೂ ಒಪ್ಪದಿದ್ದರೆ, ‘ಇಂಥ ದಿನ ಹೊರಡುತ್ತೇನೆ, ತವರಿನವರು ಜೊತೆಗಿರುತ್ತಾರೆ, ನೀವು ಬಂದರೆ ನನಗೆ ಧೈರ್ಯ’ ಎಂದು ಹೇಳಿ ಹೊರಡಿ. ಬೀರುವಿನ ಚೀಟಿಗಾಗಿ ಜಗಳ ಬೇಡ, ಹಾಸನದಲ್ಲಿ ಇನ್ನೊಂದು ಬರೆಸಿಕೊಳ್ಳಬಹುದು. ಕೈ ಮಾಡುತ್ತಾರೆ ಅನ್ನುವ ಭಯವಿದ್ದರೆ ತವರಿನವರನ್ನು ಕರೆಸಿಕೊಂಡು ಅವರ ಮುಂದೆಯೇ ಹೇಳಿ.

‘ಹೆಸರು ಬೀಳುತ್ತದೆ’ ಅನ್ನುವ ಅವರ ಅಂಜಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹಳ್ಳಿಯಲ್ಲಿ ಅದು ಇದ್ದದ್ದೇ. ಆದರೆ ರಿಪೋರ್ಟ್ ಇರುವುದು ನಿಮ್ಮ ಕೈಯಲ್ಲಿ. ಯಾರಿಗೆ ತೋರಿಸಬೇಕು, ತೋರಿಸಬಾರದು ಅನ್ನುವುದು ನಿಮ್ಮಿಬ್ಬರಿಗೆ ಬಿಟ್ಟಿದ್ದು. ಊರಿನವರಿಗೆ ಕಾಣುವುದು ಹುಡುಗ, ಕಾಗದವಲ್ಲ. ಅಂಗವಿಕಲತೆಯ ಸರ್ಟಿಫಿಕೇಟ್ ಬೇರೆಯದೇ, ಅದನ್ನು ನೀವು ಕೇಳಿದರೆ ಮಾತ್ರ ಮಾಡಿಕೊಡುತ್ತಾರೆ. ಸ್ಕೂಲಿನ ವಿಷಯಕ್ಕೆ ಬಂದರೆ ಆ ಕಾಗದ ನಿಮ್ಮ ಪರವಾಗಿಯೇ ನಿಲ್ಲುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ. ಅಂಗವಿಕಲತೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದುಕೊಟ್ಟರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಅವನ ಹಕ್ಕು.

ಇನ್ನು ಅತ್ತೆಯ ಮಾತು. ನೀವು ಗಾರ್ಮೆಂಟ್ಸ್‌ಗೆ ಹೋಗಿದ್ದರಿಂದ ಆಟಿಸಂ ಬರುವುದಿಲ್ಲ. ಮೊಬೈಲಿನಿಂದಲೂ ಇಲ್ಲ, ಲಸಿಕೆಯಿಂದಲೂ ಇಲ್ಲ. ಅದು ಮಿದುಳು ಬೆಳೆಯುವ ರೀತಿಗೆ ಸೇರಿದ್ದು, ವಂಶವಾಹಿಗಳ ಪಾಲು ಅದರಲ್ಲಿ ದೊಡ್ಡದು. ತಾಯಿಗೆ ಪ್ರೀತಿ ಸಾಲದೆ ಮಕ್ಕಳು ಹೀಗಾಗುತ್ತಾರೆ ಎಂದು ಪಾಶ್ಚಾತ್ಯ ದೇಶಗಳಲ್ಲಿ ಓದಿದ ವೈದ್ಯರೇ ಒಂದು ಕಾಲದಲ್ಲಿ ಹೇಳುತ್ತಿದ್ದರು. ಎಷ್ಟೋ ತಾಯಂದಿರ ಹೊಟ್ಟೆ ಉರಿಸಿದ ಆ ಮಾತನ್ನು ವಿಜ್ಞಾನ ಕೈಬಿಟ್ಟು ದಶಕಗಳಾದವು. ದಯವಿಟ್ಟು ನೀವೂ ಕೈಬಿಡಿ. ಮೊಬೈಲ್ ಕಡಿಮೆ ಮಾಡುವುದು ಒಳ್ಳೆಯದೇ, ಅದು ಆಟದ, ಮಾತಿನ ಹೊತ್ತನ್ನು ತಿಂದುಹಾಕುತ್ತದೆ. ಬಜೆ ಮಾತ್ರ ಇವತ್ತೇ ನಿಲ್ಲಿಸಿ. ತೊಂದರೆ ನಾಲಿಗೆಯಲ್ಲಿಲ್ಲ, ದಿನಾ ಹಚ್ಚುವುದು ಒಳ್ಳೆಯದೂ ಅಲ್ಲ. ಅತ್ತೆ ಹರಕೆ ಹೊತ್ತರೆ ಹೊರಲಿ, ಅವರ ಸಂಕಟಕ್ಕೂ ಒಂದು ದಾರಿ ಬೇಕಲ್ಲ.

ಮೈಸೂರಿನಲ್ಲಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೇ ನಿಮ್ಮನ್ನು ಕಳಿಸಿರಬೇಕು ಎಂದುಕೊಂಡು ಹೇಳುತ್ತೇನೆ. ಕೇಂದ್ರ ಸರ್ಕಾರದ ಸಂಸ್ಥೆ, ಕನ್ನಡದಲ್ಲೇ ಮಾತಾಡಬಹುದು. ಆಟಿಸಂ ಕಂಡುಹಿಡಿಯಲು ರಕ್ತ ಪರೀಕ್ಷೆಯೂ ಇಲ್ಲ, ಸ್ಕ್ಯಾನಿಂಗೂ ಇಲ್ಲ. ಮಗು ಆಡುವುದನ್ನು ನೋಡುತ್ತಾರೆ, ನಿಮ್ಮನ್ನು ಕೂರಿಸಿಕೊಂಡು ಕೇಳುತ್ತಾರೆ: ಹುಟ್ಟಿದ ಕೂಡಲೇ ಅತ್ತನೇ, ಕತ್ತು ಯಾವಾಗ ನಿಂತಿತು, ಯಾವಾಗ ನಡೆದ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ. ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಕಾಗದ ಮರೆಯಬೇಡಿ. ನಮ್ಮಲ್ಲಿ ಸರ್ಟಿಫಿಕೇಟಿಗೆ ಬಳಸುವ ‘ಇಸಾ’ ಅನ್ನುವ ಅಳತೆಯಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಅಲ್ಲ ಎಂದೇ ಲೆಕ್ಕ. ಆಟಿಸಂ ಅಲ್ಲ ಎಂದೇ ಬಂದರೂ ಮಾತಿನ ತೊಂದರೆಗೆ ಥೆರಪಿ ಬೇಕೇ ಬೇಕು, ಹೋಗಿದ್ದು ವ್ಯರ್ಥವಾಗುವುದಿಲ್ಲ.

ಸಣ್ಣ ಮಾತು, ಆದರೆ ಮುಖ್ಯ. ಸದ್ದಿಗೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವ ‘ಬೇರಾ’ ಪರೀಕ್ಷೆ ಮಾಡುವುದಾದರೆ ಆ ಹೊತ್ತಿಗೆ ಮಗು ನಿದ್ದೆಯಲ್ಲಿರಬೇಕು. ಹಾಸನದಿಂದ ರೈಲು ಹತ್ತಿದ ಕೂಡಲೇ ಅವನು ಮಲಗಿಬಿಟ್ಟರೆ ಅಲ್ಲಿ ಕಣ್ಣು ಮುಚ್ಚುವುದಿಲ್ಲ. ಯಾವ ಪರೀಕ್ಷೆ, ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿಕೊಂಡು ಅವನ ನಿದ್ದೆ, ಊಟ ಹೊಂದಿಸಿಕೊಳ್ಳಿ. ಅವನಿಗೆ ಒಗ್ಗುವ ತಿಂಡಿ, ಅವನದೇ ಆಟದ ಸಾಮಾನು ಜೊತೆಗಿರಲಿ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಅವನು ಬೀಜ ಜೋಡಿಸುವಾಗ ಎಬ್ಬಿಸಬೇಡಿ, ಎದುರಿಗೆ ನೆಲದ ಮೇಲೆ ಕೂರಿ. ಅವನ ಸಾಲಿನ ಕೊನೆಗೆ ನೀವೊಂದು ಬೀಜ ಇಟ್ಟು ‘ಇಟ್ಟೆ’ ಅನ್ನಿ. ತೆಗೆದು ಎಸೆದರೆ ಎಸೆಯಲಿ, ನಾಳೆ ಮತ್ತೆ ಇಡಿ. ಯಾವತ್ತೋ ನಿಮ್ಮ ಕೈಗೇ ಒಂದು ಬೀಜ ಕೊಡುತ್ತಾನೆ, ಅಥವಾ ನಿಮ್ಮ ಮುಖ ನೋಡುತ್ತಾನೆ. ಆಗ ದೊಡ್ಡದಾಗಿ ಕೂಗಿ ಸಂಭ್ರಮಿಸಬೇಡಿ, ಸದ್ದು ಅವನಿಗಾಗದು. ನಕ್ಕರೆ ಸಾಕು. ಕೈ ಹಿಡಿದು ಡಬ್ಬಿಯ ಹತ್ತಿರ ಎಳೆದುಕೊಂಡು ಹೋದರೆ ಅದೇ ಅವನ ಮಾತು. ‘ಚಕ್ಕುಲಿ’ ಎಂದು ಒಂದೇ ಸಲ ಹೇಳಿ, ತಕ್ಷಣ ಕೊಡಿ. ‘ಹೇಳಿದ್ರೆ ಕೊಡ್ತೀನಿ’ ಎಂದು ಕಾಡಿಸಬೇಡಿ.

ಸ್ಟೆಮ್ ಸೆಲ್ (ದೇಹದ ಮೂಲ ಜೀವಕೋಶ) ಹಾಕಿ ಪೂರ್ತಿ ಗುಣ ಮಾಡುತ್ತೇವೆ ಅನ್ನುವವರು ಮುಂದೆ ಸಿಗಬಹುದು. ಅದರಿಂದ ಗುಣವಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ, ಅದಕ್ಕಾಗಿ ತೋಟ ಅಡ ಇಡಬೇಡಿ. ರಾತ್ರಿ ನಿದ್ದೆ ಬಾರದಷ್ಟು ಸಂಕಟವಾದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ ‘ಟೆಲಿ ಮಾನಸ್’, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಯಜಮಾನರೂ ಮಾತಾಡಬಹುದು.

ಮೈಸೂರಿನಲ್ಲಿ ಫಲಿತಾಂಶ ಹೇಳುವ ದಿನ ತಲೆ ಓಡುವುದಿಲ್ಲ, ಹಾಗಾಗಿ ಕೇಳಬೇಕಾದ್ದನ್ನು ಈಗಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಾಸನದ ಹತ್ತಿರ ಥೆರಪಿ ಎಲ್ಲಿ ಸಿಗುತ್ತದೆ, ಮನೆಯಲ್ಲಿ ಏನು ಮಾಡಿಸಬೇಕು, ಅದನ್ನು ನನ್ನ ಕೈಯಲ್ಲಿ ಒಂದು ಸಲ ಮಾಡಿಸಿ ತೋರಿಸುತ್ತೀರಾ. ಮುಂದಿನ ತಾರೀಖು ಬರೆಸಿಕೊಳ್ಳದೆ ಎದ್ದು ಬರಬೇಡಿ.