ಕುಣಿಯೋಕೆ ಬಾರದವರು ಡ್ಯಾನ್ಸ್ ಕ್ಲಾಸ್ ಸೇರಬಹುದಾ? ಸೇರಿ, ಆದರೆ ಮೊದಲು ನೆಲ ನೋಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು. ವಯಸ್ಸು 38, ಮನೆ ಥಾಣೆ, ದಿನವಿಡೀ ಕುರ್ಚಿ, ಜಿಮ್‌ಗೆ ವರ್ಷದ ದುಡ್ಡು ಕಟ್ಟಿ ಎಂಟೇ ದಿನ ಹೋದದ್ದು, ಮದುವೆ ಮೆರವಣಿಗೆಯಲ್ಲೂ ಒಂದು ಹೆಜ್ಜೆ ಹಾಕಿದವರಲ್ಲ. ಡ್ಯಾನ್ಸ್ ಕ್ಲಾಸ್ ಸೇರಿದರೆ ತೂಕ ಇಳಿಯುತ್ತಾ, ಗಂಡಸರು ಬರ್ತಾರಾ, ಯಾವುದು ಸೇರಲಿ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದಿನ ನಾನೇ ಬರೆದ ಹಾಗಿದೆ. ನನ್ನದು ಡೊಂಬಿವಲಿ, ಕೆಲಸ ಮುಂಬಯಿಯ ಫೋರ್ಟ್‌ನಲ್ಲಿ, ಊರು ಕುಮಟಾ ಕಡೆ.

ಸೇರಿ. ಗಂಡಸರು ಕಮ್ಮಿ ಬರ್ತಾರೆ, ನಮ್ಮ ಬ್ಯಾಚಿನಲ್ಲಿ ಇಪ್ಪತ್ತು ಜನರಲ್ಲಿ ನಾವು ಇಬ್ಬರೇ. ಮೊದಲ ವಾರ ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಕನ್ನಡಿ ಎದುರು ಇರುವಾಗ ಯಾರೂ ಇನ್ನೊಬ್ಬರನ್ನು ನೋಡಲ್ಲ, ಎಲ್ಲರಿಗೂ ತಮ್ಮದೇ ಕಾಲಿನ ಚಿಂತೆ. ನಾಚಿಕೆಯಿಂದ ಕೊನೇ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ. ನಾನು ಹಾಗೆ ನಿಂತಿದ್ದೆ. ಅರ್ಧ ಹಾಡಾದ ಮೇಲೆ ಮಾಸ್ತರು "ಹಿಂದಕ್ಕೆ ತಿರುಗಿ" ಅಂದರು. ಎಲ್ಲರೂ ತಿರುಗಿದ್ದೇ ತಡ, ನಾನೇ ಮೊದಲ ಸಾಲು! ಎರಡನೇ ಸಾಲಿನ ನಡುವೆ ನಿಂತರೆ ಯಾವ ಕಡೆ ತಿರುಗಿದರೂ ನೋಡಿ ಕಲಿಯೋಕೆ ಮುಂದೆ ಯಾರಾದರೂ ಇರ್ತಾರೆ.

ಈಗ ಮುಖ್ಯ ವಿಷಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಇದೆಯಲ್ಲ, ನನ್ನ ವಿಷಯದಲ್ಲಿ ಕುಣಿಯೋಕೂ ಬರುತ್ತಿರಲಿಲ್ಲ, ನೆಲದಲ್ಲೂ ನಿಜವಾಗಿ ದೋಷ ಇತ್ತು. ನಾನು ಮೊದಲು ಸೇರಿದ್ದು ಒಂದು ಕಟ್ಟಡದ ಹಾಲ್, ಕಾಂಕ್ರೀಟ್ ಮೇಲೆ ನೇರವಾಗಿ ಟೈಲ್ಸ್. ಅದರ ಮೇಲೆ ವಾರಕ್ಕೆ ನಾಲ್ಕು ದಿನ ಜಿಗಿದೆ, ಅದೂ ಓಡುವ ಶೂ ಹಾಕಿಕೊಂಡು. ಓಡುವ ಶೂ ನೆಲವನ್ನು ಕಚ್ಚಿ ಹಿಡಿಯುತ್ತೆ, ಮೈ ತಿರುಗುತ್ತೆ, ಪಾದ ತಿರುಗಲ್ಲ, ಆ ತಿರುಚು ಪೂರ್ತಿ ಮೊಣಕಾಲಿಗೆ ಹೋಗುತ್ತೆ. ಐದನೇ ವಾರಕ್ಕೆ ಸ್ಟೇಷನ್ ಬ್ರಿಜ್ ಇಳಿಯುವಾಗ ಕಂಬಿ ಹಿಡಿಯಬೇಕಾಯಿತು. ಡಾಕ್ಟರು ಮೂರು ವಾರ ಸುಮ್ನೆ ಕೂರಿಸಿದರು. ಮೂರು ತಿಂಗಳ ಫೀಸು ಮುಂಗಡ ಕಟ್ಟಿದ್ದೆ, ವಾಪಸ್ ಕೇಳಿದರೆ ರಸೀತಿಯ ಹಿಂದಿನ ಸಣ್ಣ ಅಕ್ಷರ ತೋರಿಸಿದರು.

ಆದ್ದರಿಂದ ನೋಡಲು ಹೋದಾಗ ಕನ್ನಡಿ, ಬಣ್ಣದ ಲೈಟು ಬಿಡಿ, ನೆಲದ ಮೇಲೆ ಒಮ್ಮೆ ಹಾರಿ ನೋಡಿ. ಮರದ ನೆಲವೋ ಸ್ವಲ್ಪ ಮೆತ್ತಗಿನ ವಿನೈಲ್ (ಪ್ಲಾಸ್ಟಿಕ್) ಹಾಸೋ ಇದ್ದರೆ ಒಳ್ಳೆಯದು. ಅಡಿಭಾಗ ನೆಲವನ್ನು ಜಾಸ್ತಿ ಕಚ್ಚಿ ಹಿಡಿಯದ ಶೂ ಹಾಕಿ. ಮೊದಲ ತಿಂಗಳು ವಾರಕ್ಕೆ ಎರಡೋ ಮೂರೋ ದಿನ ಸಾಕು. ಒಂದು ಟ್ರಯಲ್ ಕ್ಲಾಸ್ ಮಾಡಿ, ಆಮೇಲೆ ತಿಂಗಳ ಲೆಕ್ಕದಲ್ಲೇ ದುಡ್ಡು ಕೊಡಿ. ಬಿಪಿ, ಶುಗರ್, ಹಳೆ ಬೆನ್ನುನೋವು ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ತೂಕದ ಬಗ್ಗೆ ಸುಳ್ಳು ಹೇಳಲ್ಲ. ಆರು ತಿಂಗಳಲ್ಲಿ ನನ್ನದು ಇಳಿದದ್ದು ಎರಡೇ ಕಿಲೋ. ಕ್ಲಾಸಿನ ಕೆಳಗೇ ವಡಾಪಾವ್ ಗಾಡಿ ಇತ್ತು, ತಪ್ಪು ನನ್ನದೇ. ಆದರೆ ಬ್ರಿಜ್ ಹತ್ತುವಾಗಿನ ಏದುಸಿರು ಹೋಯಿತು, ರಾತ್ರಿ ನಿದ್ದೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಬೇಕು ಅನ್ನುತ್ತೆ. ಒಂದು ಗಂಟೆಯ ಮೂರು ಕ್ಲಾಸಿಗೆ ಅದು ಮುಗಿಯುತ್ತೆ. ಮೈಗೆ ಎಷ್ಟು ಶ್ರಮ ಆಗ್ತಿದೆ ಅಂತ ನೋಡೋಕೆ ಸ್ಮಾರ್ಟ್ ವಾಚ್ ಬೇಡ. ಕುಣಿಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟಾದರೆ ಮಧ್ಯಮ. ನಾಲ್ಕು ಮಾತಾಡಿ ಉಸಿರಿಗೆ ನಿಲ್ಲಬೇಕಾದರೆ ಅದು ಜೋರು.

ಯಾವುದು ಸೇರೋದು? ಏನೂ ಬರದವರಿಗೆ ಜುಂಬಾ, ಅಂದರೆ ಹಾಡಿಗೆ ಕುಣಿಯುತ್ತಾ ಮಾಡುವ ವ್ಯಾಯಾಮ, ಸುಲಭ. ಅದು ಹುಟ್ಟಿದ ಕತೆಯೇ ಹಾಗಿದೆ: ಕೊಲಂಬಿಯಾದ ಬೆಟೊ ಪೆರೆಜ್ ಅನ್ನೋ ಏರೋಬಿಕ್ಸ್ ಮಾಸ್ತರು ಒಂದು ದಿನ ಕ್ಲಾಸಿನ ಕ್ಯಾಸೆಟ್ ಮರೆತು ಬಂದು, ಬ್ಯಾಗಿನಲ್ಲಿದ್ದ ಸಾಲ್ಸಾ, ಮೆರೆಂಗೆ ಅನ್ನೋ ಲ್ಯಾಟಿನ್ ಅಮೆರಿಕದ ಕುಣಿತದ ಹಾಡು ಹಾಕಿ ಸುಧಾರಿಸಿದರಂತೆ. ಹೆಜ್ಜೆ ತಪ್ಪಿದರೆ ಇಲ್ಲಿ ಯಾರೂ ನಿಲ್ಲಿಸಿ ತಿದ್ದಲ್ಲ. ಸಾಲ್ಸಾ ಬೇರೆ ಥರ, ಜೋಡಿಯಾಗಿ ಕುಣಿಯೋದು. ಎಂಟು ಎಣಿಕೆಯಲ್ಲಿ ನಾಲ್ಕಕ್ಕೂ ಎಂಟಕ್ಕೂ ಹೆಜ್ಜೆ ಇಡದೆ ತಡೆಯಬೇಕು, ನನಗೆ ಆ ತಡೆಯೋದೇ ಬರಲಿಲ್ಲ. ಮಾಸ್ತರು ಮರಾಠಿಯಲ್ಲಿ ಪಾಚ್, ಸಹಾ, ಸಾತ್ ಅಂತ ಎಣಿಸೋರು. ನಾನು ಒಳಗೇ ಐದು, ಆರು, ಏಳು ಅಂದುಕೊಳ್ಳುವಷ್ಟರಲ್ಲಿ ಜೋಡಿಯವರ ಕಾಲು ತುಳಿದಿರುತ್ತಿದ್ದೆ. ಬಾಲಿವುಡ್ ಕ್ಲಾಸಿನಲ್ಲಿ ಮಜಾ ಜಾಸ್ತಿ. ಆದರೆ ಕೆಲವು ಕಡೆ ಅರ್ಧ ಹೊತ್ತು ರೀಲ್ ತೆಗೆಯೋದರಲ್ಲೇ ಹೋಗುತ್ತೆ, ಬೆವರು ಬರಲ್ಲ. ಭರತನಾಟ್ಯದ ಆಸೆ ಇದ್ದರೆ ಮುಂಬಯಿಯ ಮಾಟುಂಗಾದಲ್ಲಿ ಶ್ರೀ ರಾಜರಾಜೇಶ್ವರಿ ಭರತನಾಟ್ಯ ಕಲಾಮಂದಿರ 1945ರಿಂದ ಇದೆ, ದೊಡ್ಡವರಿಗೆ ಕಲಿಸುವ ಗುರುಗಳು ಉಪನಗರಗಳಲ್ಲೂ ಸಿಗ್ತಾರೆ. ಅರೆಮಂಡಿಯಲ್ಲಿ, ಅಂದರೆ ಮೊಣಕಾಲು ಹೊರಗೆ ಬಗ್ಗಿಸಿ ಅರ್ಧ ಕೂರುವ ಭಂಗಿಯಲ್ಲಿ, ಹತ್ತು ನಿಮಿಷ ಕೂತರೆ ತೊಡೆ ನಡುಗುತ್ತೆ. ತಿಂಗಳುಗಟ್ಟಲೆ ಅಡವು (ಮೂಲ ಹೆಜ್ಜೆಗಳು) ಮಾಡುವ ತಾಳ್ಮೆ ಮಾತ್ರ ಬೇಕು. ಚಿಕ್ಕಂದಿನಲ್ಲಿ ರಾತ್ರಿಯೆಲ್ಲ ಯಕ್ಷಗಾನ ನೋಡಿ ಬೆಳೆದವನಿಗೆ ಅದೆಲ್ಲ ಗೊತ್ತಿರಬೇಕಿತ್ತು ಅಂತೀರಾ? ನೋಡೋದೇ ಬೇರೆ ಸ್ವಾಮಿ.

ಇವೆಲ್ಲಕ್ಕಿಂತ ದೊಡ್ಡದು ಸಮಯ. ಸಂಜೆ ಏಳರ ಬ್ಯಾಚು ಅಂತ ಆಸೆಯಿಂದ ಸೇರಬೇಡಿ. ಒಂದು ಲೋಕಲ್ ರೈಲು ತಪ್ಪಿದರೆ ಕ್ಲಾಸ್ ಹೋಯಿತು, ಮಳೆಗಾಲದಲ್ಲಂತೂ ಕೇಳೋದೇ ಬೇಡ. ನಾನು ಈಗ ಹೋಗೋದು ಮನೆಯಿಂದ ಏಳು ನಿಮಿಷ ನಡೆದರೆ ಸಿಗುವ, ಬೆಳಗ್ಗೆ ಆರೂವರೆಯ ಕ್ಲಾಸಿಗೆ. ಮಾಸ್ತರು ಅಂಥ ಜಾಣರೇನಲ್ಲ, ಹಾಡುಗಳೂ ಹಳೆಯವು. ಆದರೂ ನಾಲ್ಕು ವರ್ಷದಲ್ಲಿ ಬಿಡದೆ ಹೋದ ಕ್ಲಾಸ್ ಅದೊಂದೇ.

ಹಾಂ, ಒಂದು ಒಣ ಅಂಗಿ ಜೊತೆಗಿರಲಿ. ಒಮ್ಮೆ ಮರೆತು ಬೆವರಿದ ಅಂಗಿಯಲ್ಲೇ 8.12ರ ಗಾಡಿ ಹತ್ತಿದ್ದೆ. ಡೊಂಬಿವಲಿಯಿಂದ ಕೂತುಕೊಂಡು ಹೋದದ್ದು ಅದೇ ಮೊದಲು, ಅಕ್ಕಪಕ್ಕದವರೇ ಎದ್ದು ಬಾಗಿಲ ಕಡೆ ಹೋದರು.