ನಿದ್ದೆ ಬರ್ತಿಲ್ಲ ಅಂದವರಿಗೆ ಲೇಟಾಗಿ ಮಲಗಿ ಅಂದಿದ್ದು ಯಾಕೆ

ನಿದ್ದೆ ಬರಲ್ಲ ಅಂತ ಬರೋರಲ್ಲಿ ಸುಮಾರು ಜನರ ಕಥೆ ಒಂದೇ ಥರ ಇರತ್ತೆ, ವಯಸ್ಸು ಕೆಲಸ ಮಾತ್ರ ಬೇರೆ. ಅದಕ್ಕೇ ಒಂದು ಕೇಸ್ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವರ ಒಪ್ಪಿಗೆನೂ ಇದೆ. ಇನ್ನೊಂದು ಕಾರಣ ಏನಂದ್ರೆ ನಾನು ಕೊಟ್ಟ ಸಲಹೆ ಕೇಳಿ ಅವರ ಅಣ್ಣ ಫೋನ್ ಮಾಡಿ ಚೆನ್ನಾಗಿ ತರಾಟೆಗೆ ತಗೊಂಡ್ರು. ತಮ್ಮನ ವಿಷಯ ಅವರ ಹತ್ರ ನಾನು ಮಾತಾಡೋ ಹಾಗಿಲ್ಲ, ಸುಮ್ನೆ ಕೇಳಿಸ್ಕೊಂಡೆ. ಆದ್ರೆ ಅವರ ಪ್ರಶ್ನೆ ನ್ಯಾಯವಾದದ್ದೇ: ನಿದ್ದೆ ಇಲ್ದೆ ಸಾಯ್ತಿರೋನಿಗೆ ಇನ್ನೂ ಕಡಿಮೆ ಮಲಗು ಅಂತ ಯಾರಾದ್ರೂ ಹೇಳ್ತಾರಾ?

ಬಂದವರು ನಲವತ್ತರ ಆಸುಪಾಸಿನ ಗಂಡಸು. ಒಂದು ಟೈಮಲ್ಲಿ ಕೆಲಸ ಹೋಗುತ್ತೆ ಅನ್ನೋ ಭಯ ಇತ್ತು, ಆಗ ನಿದ್ದೆ ಕೆಟ್ಟಿತು. ಕೆಲಸ ಹೋಗ್ಲಿಲ್ಲ, ಆ ಭಯನೂ ಹೋಯ್ತು, ನಿದ್ದೆ ಮಾತ್ರ ವಾಪಸ್ ಬರ್ಲಿಲ್ಲ. ಈಗ ಆತಂಕ ಪೂರ್ತಿ ನಿದ್ದೆ ಬಗ್ಗೆನೇ. ಡಾಕ್ಟರ್ ಥೈರಾಯ್ಡ್, ಗೊರಕೆ, ಬೇರೆ ಮಾತ್ರೆಗಳು ಎಲ್ಲಾ ನೋಡಿ, ಏನೂ ಇಲ್ಲ ಅಂತ ನನ್ನ ಹತ್ರ ಕಳ್ಸಿದ್ರು. ಹಿನ್ನೆಲೆ ಇಷ್ಟು ಸಾಕು.

ಮೊದಲ ಒಂದೆರಡು ಸಲ ಅವರು ಒಬ್ರೇ ಬಂದಿದ್ರು, ಆಮೇಲೆ ಒಂದ್ಸಲ ಹೆಂಡತಿನ ಕರ್ಕೊಂಡ್ ಬಂದ್ರು. ಸಾಯಂಕಾಲದಿಂದ ಮಲಗೋವರೆಗೂ ಏನೇನ್ ಮಾಡ್ತೀರ ಹೇಳಿ ಅಂದೆ. ಹೇಳ್ತಾ ಹೋದ್ರು ಹೇಳ್ತಾ ಹೋದ್ರು, ಏಳಕ್ಕೆ ಊಟ, ಎಂಟಕ್ಕೆ ಫೋನ್ ಆಫ್, ಬಿಸಿನೀರಲ್ಲಿ ಸ್ನಾನ, ಪಾದಕ್ಕೆ ಎಣ್ಣೆ, ಕರ್ಟನ್ ಕ್ಲಿಪ್ ಹಾಕಿ ಮುಚ್ಚೋದು, ಮೂಗಲ್ಲಿ ನಾಲ್ಕು ಎಣಿಸಿ ಉಸಿರು ತಗೊಂಡು ಏಳು ಎಣಿಸೋತನಕ ಹಿಡಿದು ಬಾಯಲ್ಲಿ ಎಂಟು ಎಣಿಸಿ ಬಿಡೋದು, ಆ್ಯಪಲ್ಲಿ ಮಳೆ ಸದ್ದು, ಕೈಗೆ ನಿದ್ದೆ ಅಳೆಯೋ ವಾಚ್. ಒಂಬತ್ತಕ್ಕೆ ಹಾಸಿಗೆ, ಏಳೋದು ಬೆಳಿಗ್ಗೆ ಆರಕ್ಕೆ. ಒಂಬತ್ತು ಗಂಟೆ ಮಲಗಿರ್ತಾರೆ, ನಿದ್ದೆ ಬರೋದು ಹೆಚ್ಚಂದ್ರೆ ಆರು ಗಂಟೆ. ಉಳಿದ ಮೂರು ಗಂಟೆ ಲೆಕ್ಕ ಹಾಕೋದು, ‘ಈಗ ಬಂದ್ರೂ ಐದು ಗಂಟೆ ಸಿಗತ್ತೆ, ಈಗ ಬಂದ್ರೂ ನಾಲ್ಕೂವರೆ ಸಿಗತ್ತೆ’ ಅಂತ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಅಷ್ಟೊತ್ತೂ ಸುಮ್ನಿದ್ದು ಆಮೇಲೆ ಅಂದ್ರು, ‘ಮೇಡಂ, ಒಂದ್ ಮಾತು ಹೇಳ್ಲಾ, ಭಾನುವಾರ ಇವರು ಟೀವಿ ಮುಂದೆ ಸೋಫಾದಲ್ಲಿ ಕೂತಲ್ಲೇ ತೂಕಡಿಸ್ತಿರ್ತಾರೆ, ಮಕ್ಕಳ ಗಲಾಟೆ ಬೇರೆ ಇರತ್ತೆ. ಪಾಪ ಅಂತ ಎಬ್ಬಿಸಿ ರೂಮಿಗೆ ಕಳಿಸಿದ್ರೆ ಅಲ್ಲಿ ಕಣ್ಣು ಬಿಟ್ಕೊಂಡ್ ಬಿದ್ದಿರ್ತಾರೆ.’

ಇವರಿಗೆ ಸಿಟ್ಟು ಬಂತು. ‘ಅದು ನಿದ್ದೆನಾ? ಸುಸ್ತಿಗೆ ಕಣ್ಣು ಹತ್ತತ್ತೆ ಅಷ್ಟೆ.’

‘ಮತ್ತೆ ನಿದ್ದೆ ಅಂದ್ರೆ ಏನು ಸರ್?’ ಅಂತ ಕೇಳಿದೆ. ಉತ್ತರ ಬರ್ಲಿಲ್ಲ. ಸೋಫಾ ಮೇಲೆ ಕೂರೋವಾಗ ಇವತ್ತು ಇಲ್ಲಿ ನಿದ್ದೆ ಬರುತ್ತೋ ಇಲ್ವೋ ಅಂತ ಯಾವತ್ತಾದ್ರೂ ಅನ್ಕೊಂಡಿದೀರಾ ಅಂದೆ. ಇಲ್ಲ, ಅಲ್ಲಿ ಯಾಕೆ ಅನ್ಕೋಬೇಕು ಅಂದ್ರು. ಅಂದವರು ಹಾಗೇ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ್ರು. ಆಮೇಲೆ ಸಣ್ಣದಾಗಿ, ‘ಹಾಗಾದ್ರೆ ನನಗೆ ನಿದ್ದೆ ಮಾಡೋಕೆ ಬರುತ್ತೆ ಅಂತಾಯ್ತು’ ಅಂದ್ರು. ಇಷ್ಟು ದಿನ ತನ್ನ ಮೆದುಳಲ್ಲಿ ಏನೋ ಕೆಟ್ಟೋಗಿದೆ, ರಿಪೇರಿ ಆಗಲ್ಲ ಅಂತಲೇ ಅವರು ನಂಬಿದ್ರಂತೆ. ನನ್ನ ಮಟ್ಟಿಗೆ ಕೇಸ್ ತಿರುಗಿದ್ದು ಅಲ್ಲೇ, ಅದೂ ಹೆಂಡತಿ ಮಾತಿಂದ.

ಮಲಗಿ ಒದ್ದಾಡಿ ಒದ್ದಾಡಿ, ಹಾಸಿಗೆ ಅಂದ್ರೆ ಎಚ್ಚರ ಇರೋ ಜಾಗ ಅಂತ ದೇಹಕ್ಕೆ ಪಾಠ ಆಗಿಬಿಟ್ಟಿರುತ್ತೆ. ಈ ನಂಟು ಬಿಡಿಸೋ ವಿಧಾನನ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್‌ಜಿನ್ ಅನ್ನೋರು 1972ರಲ್ಲೇ ಹೇಳಿದ್ರು: ನಿದ್ದೆ ತೂಗ್ತಿದ್ರೆ ಮಾತ್ರ ಹಾಸಿಗೆಗೆ ಹೋಗಿ, ಬರದಿದ್ರೆ ಎದ್ದು ಬನ್ನಿ, ಮತ್ತೆ ತೂಗಿದಾಗ ಹೋಗಿ, ರಾತ್ರಿ ಹೇಗೇ ಕಳೆದ್ರೂ ಬೆಳಿಗ್ಗೆ ಒಂದೇ ಟೈಮಿಗೆ ಏಳಿ. ಅಲ್ಲಿನ ನಿದ್ರಾ ತಜ್ಞ ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ಇನ್ನೊಂದು ಸೇರಿಸಿದ್ರು, ನಿದ್ದೆ ಎಷ್ಟು ಬರ್ತಿದೆಯೋ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಾಸಿಗೆಯಲ್ಲಿರಿ ಅಂತ. ನಿದ್ದೆ ಕೆಡೋಕೆ ಕಾರಣ ಒಂದು, ಕೆಟ್ಟಿದ್ದು ಹಾಗೇ ಉಳಿಯೋಕೆ ಕಾರಣ ಇನ್ನೊಂದು ಅಂತ ಬಿಡಿಸಿ ಹೇಳಿದ್ದೂ ಅವರೇ. ಇವರ ಕೇಸಲ್ಲಿ ಕೆಡಿಸಿದ್ದು ಕೆಲಸದ ಭಯ, ಉಳಿಸಿದ್ದು ಒಂಬತ್ತು ಗಂಟೆಯ ಹಾಸಿಗೆ.

ಅದಕ್ಕೇ ರಾತ್ರಿ ಹನ್ನೆರಡಕ್ಕೆ ಮುಂಚೆ ಹಾಸಿಗೆ ಬೇಡ, ಆರಕ್ಕೆ ಎದ್ದೇ ಏಳ್ಬೇಕು, ಭಾನುವಾರನೂ ಅಷ್ಟೆ ಅಂತ ಹೇಳಿದ್ದು. ಎಚ್ಚರ ಇದ್ದಷ್ಟು ಹೊತ್ತೂ ಮೆದುಳಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಕೂಡ್ತಾ ಹೋಗಿ ನಿದ್ದೆಯ ಒತ್ತಡ ಏರುತ್ತೆ. ಹಸಿವಿನ ಥರ ಅನ್ಕೊಳ್ಳಿ, ಹಸಿವೇ ಆಗದಿರೋನ ಮುಂದೆ ತಟ್ಟೆ ಇಟ್ಕೊಂಡು ತಿನ್ನು ತಿನ್ನು ಅಂದ್ರೆ ಏನಾಗತ್ತೆ? ಒಂಬತ್ತಕ್ಕೇ ಮಲಗೋದು, ಸೋಫಾದಲ್ಲಿ ತೂಕಡಿಸೋದು ಎಲ್ಲಾ ಇರೋ ಹಸಿವನ್ನೂ ಕೊಲ್ಲತ್ತೆ. (ಹೌದು, ಆ ಸೋಫಾ ನಿದ್ದೆನೂ ಸದ್ಯಕ್ಕೆ ಬಂದ್ ಮಾಡಿಸ್ದೆ, ಅದಕ್ಕೆ ಅವರು ಬೇಜಾರ್ ಮಾಡ್ಕೊಂಡ್ರು.) ಕಾಫಿ ಮಧ್ಯಾಹ್ನಕ್ಕೇ ನಿಲ್ಲಿಸಿ ಅಂದೆ, ಯಾಕಂದ್ರೆ ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗೋಕೇ ಸುಮಾರು 5 ಗಂಟೆ ಬೇಕು, ಅದು ಮಾಡೋ ಕೆಲಸನೂ ಈ ಅಡೆನೊಸಿನ್‌ನ ತಡೆಯೋದೇ.

ಅಣ್ಣನವರಿಗೆ ಹೇಳೋಕಾಗದ ಉತ್ತರ ಇದು. ಇದು ನನ್ನ ಸ್ವಂತ ಪ್ರಯೋಗ ಅಲ್ಲ, ಈ ವಿಧಾನಗಳೆಲ್ಲ ಸೇರಿರೋ ಸಿಬಿಟಿ-ಐ (ನಿದ್ದೆ ಬಗೆಗಿನ ಯೋಚನೆ, ಅಭ್ಯಾಸ ಬದಲಾಯಿಸೋ ಚಿಕಿತ್ಸೆ) ಅನ್ನೋದನ್ನ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಿ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಅನ್ನೋ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಕಷ್ಟ ಇಲ್ಲ ಅಂತ ನಾನು ಹೇಳಲ್ಲ. ಮೊದಲ ವಾರ ಎರಡು ವಾರ ಹಗಲು ತೂಕಡಿಕೆ ಜಾಸ್ತಿನೇ ಆಗುತ್ತೆ, ಸಿಟ್ಟು ಬರುತ್ತೆ, ಗಾಡಿ ಓಡಿಸೋ ವಿಷಯದಲ್ಲಿ ಹುಷಾರಾಗಿರ್ಬೇಕು. ಇವರಿಗೆ ಆ ದಿನಗಳಲ್ಲಿ ಕಾರ್ ಮುಟ್ಟಬೇಡಿ ಅಂದಿದ್ದೆ.

ಉಸಿರಾಟ, ಮಳೆ ಸದ್ದು ಎಲ್ಲಾ ಯಾಕೆ ಬಿಡಿಸಿದ್ರಿ ಅಂತನೂ ಕೇಳ್ತಾರೆ. ನಿಧಾನವಾಗಿ ಉಸಿರು ಬಿಟ್ರೆ ಮೈ ಸಡಿಲ ಆಗುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ‘ಮಾಡಿದೆ, ಬಂತಾ? ಇನ್ನೂ ಬಂದಿಲ್ವಾ?’ ಅಂತ ನೋಡ್ಕೊಂಡು ಮಾಡಿದ್ರೆ ಅದೇ ಎಚ್ಚರ ಇಡುತ್ತೆ. ಹಾಗಾಗಿ ಅದನ್ನ ಸಾಯಂಕಾಲ ಕುರ್ಚಿಯಲ್ಲಿ ಕೂತು ಮಾಡಿ, ನಿದ್ದೆಗೋಸ್ಕರ ಬೇಡ ಅಂದೆ. ಅದಾದ್ಮೇಲೆ ಹದಿನೈದು ನಿಮಿಷ ಪೇಪರ್ ಪೆನ್ ಹಿಡಿದು ನಾಳೆಯ ಚಿಂತೆಗಳನ್ನ ಬರೆದು, ಪ್ರತಿಯೊಂದರ ಮುಂದೆ ಮಾಡಬಹುದಾದ ಒಂದು ಸಣ್ಣ ಕೆಲಸ ಬರೆಯೋದು, ಏನೂ ಮಾಡೋಕಾಗಲ್ಲ ಅನ್ನೋದಿದ್ರೆ ಹಾಗೇ ಬರೆದು ಮುಚ್ಚಿಡೋದು. ವಾಚ್ ಬಿಚ್ಚಿ ಡ್ರಾಯರ್‌ಗೆ, ರೂಮಿನ ಗಡಿಯಾರ ಗೋಡೆ ಕಡೆಗೆ. ಎದ್ದು ಬರೋ ಹೊತ್ತನ್ನೂ ಗಡಿಯಾರ ನೋಡಿ ಅಲ್ಲ, ಕಿರಿಕಿರಿ ಶುರುವಾಯ್ತು ಅನ್ನಿಸಿದಾಗ ಎದ್ದು, ಮಂದ ಬೆಳಕಲ್ಲಿ ಏನಾದ್ರೂ ಬೋರಿಂಗ್ ಓದೋದು.

ಹೆಂಡತಿಗೂ ಒಂದು ಕೆಲಸ ಕೊಟ್ಟೆ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯ. ಬೆಳಿಗ್ಗೆ ಎದ್ದ ತಕ್ಷಣ ‘ರಾತ್ರಿ ನಿದ್ದೆ ಬಂತಾ?’ ಅಂತ ಮನೆಯಲ್ಲಿ ಯಾರೂ ಕೇಳ್ಬಾರ್ದು. ಪ್ರೀತಿಯಿಂದನೇ ಕೇಳೋದು, ಗೊತ್ತು. ಆದ್ರೆ ರಾತ್ರಿ ಎಚ್ಚರಾದಾಗ ಬೆಳಿಗ್ಗೆ ಮನೆಯವರಿಗೆ ಏನ್ ಹೇಳೋದು ಅನ್ನೋ ಚಿಂತೆನೂ ಅವರ ತಲೇಲಿ ಓಡ್ತಿತ್ತು.

ಒಂದು ವಾರ ಬೈಕೊಂಡೇ ಮಾಡಿದ್ರು. ಆಮೇಲೆ ಹನ್ನೆರಡಕ್ಕೆ ಮಲಗಿದ್ರೆ ಬೇಗ ಕಣ್ಣು ಹತ್ತೋಕೆ ಶುರುವಾಯ್ತು. ಹಾಸಿಗೆಯಲ್ಲಿದ್ದ ಹೊತ್ತಲ್ಲಿ ನೂರಕ್ಕೆ 85ರಷ್ಟು ನಿದ್ದೆ ಆಗ್ತಿದೆ ಅಂದಾಗ ಹದಿನೈದು ನಿಮಿಷ ಮುಂಚೆ ಮಲಗೋದು, ಹೀಗೇ ವಾರ ವಾರ ಹಿಂದಕ್ಕೆ ಬಂದು ಈಗ ಹನ್ನೊಂದಕ್ಕೆ ನಿಂತಿದೆ. ನಡುವೆ ನಿದ್ದೆ ಬರದ ರಾತ್ರಿಗಳು ಈಗ್ಲೂ ಇವೆ, ಮಾರನೇ ದಿನ ಆಫೀಸಿಗೆ ಹೋಗ್ತಾರೆ.

ಓದಿ ನೀವೇ ಶುರು ಮಾಡೋ ಮುಂಚೆ ಒಂದು ವಿಷಯ: ಬೈಪೋಲಾರ್ (ಮನಸ್ಸಿನ ಸ್ಥಿತಿ ವಿಪರೀತ ಏರಿಳಿಯೋ ಕಾಯಿಲೆ), ಅಪಸ್ಮಾರ, ಜೋರು ಗೊರಕೆ ಹೊಡೀತಾ ಉಸಿರು ಕಟ್ಟೋ ತೊಂದರೆ ಇರೋರು, ವಾಹನ ಅಥವಾ ದೊಡ್ಡ ಮಷಿನ್ ಓಡಿಸೋದೇ ಕೆಲಸ ಆಗಿರೋರು ಈ ಕಡಿಮೆ ಮಲಗೋ ವಿಧಾನ ಡಾಕ್ಟರನ್ನ ಕೇಳದೆ ಮಾಡ್ಬೇಡಿ, ಬೇರೆಯವರೂ 5 ಗಂಟೆಗಿಂತ ಕೆಳಗೆ ಇಳಿಸ್ಬೇಡಿ. ನಿದ್ದೆ ಮಾತ್ರೆ ತಗೊಳ್ತಿರೋರು ಇದನ್ನ ಓದಿ ಏಕ್‌ದಂ ನಿಲ್ಲಿಸೋದು ಬೇಡ, ಅದನ್ನ ಕೊಟ್ಟ ಡಾಕ್ಟರೇ ಮೆಲ್ಲಗೆ ಇಳಿಸ್ಬೇಕು. ನಿದ್ದೆ ಬರದ ಜೊತೆಗೆ ಬದುಕೇ ಬೇಡ ಅನ್ನಿಸ್ತಿದ್ರೆ ಟೈಮ್ ಟೇಬಲ್ ಎಲ್ಲಾ ಪಕ್ಕಕ್ಕಿಡಿ, ಇವತ್ತೇ ಮನೆಯವರಿಗೆ ಹೇಳಿ, ಡಾಕ್ಟರ್ ಹತ್ರ ಹೋಗಿ.